ಷೆರಿಫ್ ಎಂಬ ಪದದ ಅರ್ಥ ಹಾಗೂ ಊಟದ ತಟ್ಟೆ ತಿರುಗಿಸುವ ಬಗ್ಗೆ

ಸಂಖ್ಯೆ: ಆಶಾ/ಷೆರಿ/ತಟ್ಟೆ/06/2013
ಇಲಾಖೆಯ ಕಚೇರಿ, ಎರಡನೇ ಮಹಡಿ (ಮೆಟ್ಟಿಲು ದುರಸ್ತಿಯಲ್ಲಿದೆ),
ಸಾಂತಾ ಎಮೆರೆನ್ಸಿಯಾನಾ ಪಟ್ಟಣ, ಪನಾಯ್ ದ್ವೀಪ.
ದಿನಾಂಕ: 17-06-2013

ಸುತ್ತೋಲೆ

ವಿಷಯ: ಷೆರಿಫ್ ಎಂಬ ಪದದ ಅರ್ಥ, ವಿವಿಧ ದೇಶಗಳಲ್ಲಿ ಅವರ ಪಾತ್ರ, ಹಾಗೂ ಊಟದ ನಡುವೆ ಎದ್ದುಹೋದವರ ಸಲುವಾಗಿ ತಟ್ಟೆ ತಿರುಗಿಸುವ ಬಗ್ಗೆ ಸ್ಪಷ್ಟೀಕರಣ.

ಉಲ್ಲೇಖ:
(1) ಶ್ರೀಮತಿ ಬಸಿಲಿಸಾ ಪಲ್ಮಾರೆಸ್ ಅವರ ಊಟದಂಗಡಿಯನ್ನು ತೆರವುಗೊಳಿಸುವ ಜಾರಿ ಆದೇಶ, ದಿನಾಂಕ 04-02-2013.
(2) ಸದರಿ ಆದೇಶ ಜಾರಿಯಾಗಿಲ್ಲವೆಂದು ಷೆರಿಫರು ಸಲ್ಲಿಸಿದ ವರದಿಗಳು, ಒಟ್ಟು ಐದು.
(3) ವಿಶ್ವಕೋಶ, 'ಎಸ್' ಅಕ್ಷರದ ಸಂಪುಟ (ಗೆದ್ದಲು ತಿಂದ ಪುಟಗಳನ್ನು ಹೊರತುಪಡಿಸಿ).
(4) ಇದೇ ಕಚೇರಿಯಿಂದ ಹೊರಟ, ಯಾರೂ ಓದದ ಹಿಂದಿನ ಸುತ್ತೋಲೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಷೆರಿಫ್ ಎಂದರೆ ಯಾರು ಎಂಬ ಬಗ್ಗೆ ಈ ಪಟ್ಟಣದ ಸಾರ್ವಜನಿಕರಲ್ಲಿ ತೀವ್ರ ಗೊಂದಲವಿದ್ದು, ಸದರಿ ಗೊಂದಲವನ್ನು ಸಾರ್ವಜನಿಕರು ಬೇಕೆಂದೇ ಜೋಪಾನವಾಗಿ ಇಟ್ಟುಕೊಂಡಿರುವುದು ಇಲಾಖೆಯ ಗಮನಕ್ಕೆ ಬಂದಿರುತ್ತದೆ. ಇದರ ಫಲವಾಗಿ, ನ್ಯಾಯಾಲಯದ ಎದುರಿಗಿರುವ ಒಂದು ಊಟದಂಗಡಿಯನ್ನು ತೆರವುಗೊಳಿಸಲು ಒಬ್ಬ ಷೆರಿಫರು ಐದು ಬಾರಿ ಹೋಗಿ, ಐದೂ ಬಾರಿ ಹೊಟ್ಟೆ ತುಂಬಾ ಉಂಡು ವಾಪಸ್ಸು ಬಂದಿರುತ್ತಾರೆ. ಆದ್ದರಿಂದ ಎಲ್ಲರ ತಿಳಿವಳಿಕೆಗಾಗಿ ಈ ಕೆಳಕಂಡಂತೆ ಸೂಚಿಸಲಾಗಿದೆ.

1. ಈ ಸುತ್ತೋಲೆಯಲ್ಲಿ, ಸಂದರ್ಭಕ್ಕೆ ಬೇರೆ ಅರ್ಥ ಬೇಕಾಗಿಲ್ಲದಿದ್ದಲ್ಲಿ:

(ಅ) "ಷೆರಿಫ್" ಎಂದರೆ ನ್ಯಾಯಾಲಯದ ತೀರ್ಪನ್ನು ಕಾಗದದಿಂದ ನೆಲಕ್ಕೆ ಇಳಿಸುವ ನೌಕರ. ಸಮನ್ಸ್ ಮುಟ್ಟಿಸುವುದು, ಜಪ್ತಿ ಮಾಡುವುದು, ಮನೆ ಖಾಲಿ ಮಾಡಿಸುವುದು ಇವರ ಕೆಲಸ. ಕೆಲವು ಸೀಮೆಗಳಲ್ಲಿ ಇದೇ ಕೆಲಸ ಮಾಡುವವರಿಗೆ ಅಮೀನರು ಎನ್ನುತ್ತಾರೆ. ಈ ವ್ಯಾಖ್ಯೆ ತಾತ್ಕಾಲಿಕ. ಕಂಡಿಕೆ 13 ನೋಡುವುದು.

(ಆ) "ಸದರಿ ಷೆರಿಫರು" ಎಂದರೆ ಶ್ರೀ ಎಲ್ಪಿದಿಯೊ ಸುಮಗಾಯ್‌ಸಾಯ್, ವಯಸ್ಸು 64, ಸೇವೆ ಮೂವತ್ತೊಂದು ವರ್ಷ, ನಿವೃತ್ತಿಗೆ ಎಂಟು ತಿಂಗಳು ಬಾಕಿ, ವಿಧುರರು. ಇವರ ಬಳಿ ಪಿಸ್ತೂಲು, ಕುದುರೆ, ನಕ್ಷತ್ರ ಯಾವುದೂ ಇರುವುದಿಲ್ಲ. ಒಂದು ಛತ್ರಿ ಇರುತ್ತದೆ.

(ಇ) "ಮನಾಂಗ್" ಎಂದರೆ ಅಕ್ಕ. "ಮನಾಂಗ್ ಇಸಿಂಗ್" ಎಂದರೆ ಉಲ್ಲೇಖ (1)ರ ಶ್ರೀಮತಿ ಬಸಿಲಿಸಾ ಪಲ್ಮಾರೆಸ್, ವಯಸ್ಸು 71. ಇವರನ್ನು ನ್ಯಾಯಾಧೀಶರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರೂ ಅಕ್ಕ ಎಂದೇ ಕರೆಯುವುದು ರೂಢಿಯಲ್ಲಿರುತ್ತದೆ. ಇದರಿಂದ ಕಡತದಲ್ಲಿ ಇವರಿಗೆ ಇನ್ನೂರಹತ್ತು ಮಂದಿ ಒಡಹುಟ್ಟಿದವರು ನಮೂದಾಗಿದ್ದು, ವಾರಸುದಾರರ ಪಟ್ಟಿ ತಯಾರಿಸಲು ಸಾಧ್ಯವಾಗಿರುವುದಿಲ್ಲ.

(ಈ) "ಊಟ" ಎಂದರೆ ಬೆಳಿಗ್ಗೆ ಐದರಿಂದ ಸಂಜೆ ಏಳರವರೆಗೆ ಸದರಿ ಅಂಗಡಿಯಲ್ಲಿ ಬಿಡುವಿಲ್ಲದೆ ನಡೆಯುವ ಕ್ರಿಯೆ.

(ಉ) "ತಟ್ಟೆ ತಿರುಗಿಸುವುದು" ಎಂದರೆ, ಎಲ್ಲರೂ ಉಣ್ಣುತ್ತಿರುವಾಗ ಯಾರಾದರೂ ಎದ್ದು ದಾರಿ ಹಿಡಿದರೆ, ಅವರು ಕ್ಷೇಮವಾಗಿ ಮುಟ್ಟಲಿ ಎಂದು ಉಳಿದವರು ತಮ್ಮ ತಮ್ಮ ತಟ್ಟೆಯನ್ನು ಕೂತಲ್ಲೇ ಸ್ವಲ್ಪ ತಿರುಗಿಸುವುದು. ಎಷ್ಟು ತಿರುಗಿಸಬೇಕು, ಯಾವ ದಿಕ್ಕಿಗೆ ಎಂಬ ಬಗ್ಗೆ ಸರ್ಕಾರದ ಯಾವುದೇ ಆದೇಶ ಇರುವುದಿಲ್ಲ. ಆದರೂ ಜನ ಇಷ್ಟು ವರ್ಷ ಹೇಗೆ ಮುಟ್ಟಿದರು ಎಂಬುದು ಇಲಾಖೆಗೆ ತಿಳಿದಿಲ್ಲ.

2. ಹಿನ್ನೆಲೆ. ಸದರಿ ಅಂಗಡಿ ನಿಂತಿರುವ ಜಾಗದ ಒಡೆಯರು ತೀರಿಕೊಂಡ ನಂತರ ಅವರ ವಾರಸುದಾರರು ಜಾಗ ತಮಗೆ ಬೇಕೆಂದು ದಾವೆ ಹೂಡಿ ಗೆದ್ದಿರುತ್ತಾರೆ. ಹಿಂದಿನ ಒಡೆಯರು ಮೂವತ್ತಮೂರು ವರ್ಷದ ಕೆಳಗೆ "ನೀನು ಇರೋವರೆಗೂ ಇರು" ಎಂದು ಬಾಯಿಮಾತಿನಲ್ಲಿ ಹೇಳಿದ್ದರೆಂದು ಮನಾಂಗ್ ಇಸಿಂಗ್ ಸಾಕ್ಷ್ಯ ನುಡಿದಿದ್ದು, ಬಾಯಿಮಾತನ್ನು ದಾಖಲೆಯಾಗಿ ಗುರುತಿಸಲು ಅವಕಾಶವಿಲ್ಲದ್ದರಿಂದ ಅದನ್ನು ಪರಿಗಣಿಸಿರುವುದಿಲ್ಲ. ತೀರ್ಪು ಬರೆದ ಮಾನ್ಯ ನ್ಯಾಯಾಧೀಶರು ಅಂದಿನಿಂದ ಮನೆಯಿಂದಲೇ ಡಬ್ಬಿ ತರುತ್ತಿದ್ದು, ಡಬ್ಬಿಯನ್ನು ಬಾಗಿಲು ಮುಚ್ಚಿಕೊಂಡು ತೆರೆಯುತ್ತಿರುತ್ತಾರೆ.

3. ಗೊಂದಲದ ಮೂಲ. ನಿವೃತ್ತ ಶಿಕ್ಷಕಿ ಶ್ರೀಮತಿ ಹೊನೊರಾತಾ ಗುಂಬಾನ್ (ಇನ್ನು ಮುಂದೆ "ಟೀಚರು") ಅವರ ಬಳಿ ಒಂದು ವಿಶ್ವಕೋಶವಿತ್ತು. ಇಪ್ಪತ್ನಾಲ್ಕು ಸಂಪುಟಗಳಲ್ಲಿ ಇಪ್ಪತ್ಮೂರನ್ನು ಗೆದ್ದಲು ತಿಂದು, 'ಎಸ್' ಅಕ್ಷರದ ಸಂಪುಟ ಮಾತ್ರ ಉಳಿದಿರುತ್ತದೆ. ಇದರಿಂದಾಗಿ ಟೀಚರಿಗೆ ಎಸ್ ಅಕ್ಷರದಿಂದ ಶುರುವಾಗುವ ಸಕಲವೂ ಅಂಗೈ ಗೆರೆಯಷ್ಟು ಚೆನ್ನಾಗಿ ಗೊತ್ತಿದ್ದು, ಉಳಿದ ಅಕ್ಷರಗಳ ವಿಚಾರದಲ್ಲಿ ಅವರು ಮೌನ ವಹಿಸುತ್ತಾರೆ. ಇವರು ದಿನಾಲೂ ಮಧ್ಯಾಹ್ನ ಸದರಿ ಅಂಗಡಿಯ ಕಿಟಕಿ ಪಕ್ಕದ ಮೇಜಿನಲ್ಲಿ ಕೂತು ಸದರಿ ಸಂಪುಟ ಓದುವವರಾಗಿದ್ದು, ಅದರಲ್ಲಿ ಷೆರಿಫ್ ಕುರಿತು ಎರಡೂವರೆ ಪುಟದ ಬರಹವಿರುತ್ತದೆ. ಆ ಬರಹದಲ್ಲಿ ನಮ್ಮ ದೇಶದ ಷೆರಿಫ್ ಬಗ್ಗೆ ಒಂದು ಸಾಲೂ ಇರುವುದಿಲ್ಲ. ನಮ್ಮ ದೇಶ 'ಪಿ' ಸಂಪುಟದಲ್ಲಿತ್ತು.

4. ಅಮೆರಿಕದ ಷೆರಿಫ್. ದಿನಾಂಕ 12-02-2013ರಂದು ಸದರಿ ಷೆರಿಫರು ಆದೇಶದೊಂದಿಗೆ ಅಂಗಡಿಯೊಳಗೆ ಕಾಲಿಟ್ಟಾಗ ಟೀಚರು ಸಂಪುಟ ತೆರೆದು, ಅಮೆರಿಕದ ಬಹುಪಾಲು ಜಿಲ್ಲೆಗಳಲ್ಲಿ ಷೆರಿಫರನ್ನು ಜನರೇ ಮತ ಹಾಕಿ ಆರಿಸುತ್ತಾರೆ, ಅವರು ಎದೆಯ ಮೇಲೆ ನಕ್ಷತ್ರ ಧರಿಸುತ್ತಾರೆ ಎಂದು ಓದಿ ಹೇಳಿರುತ್ತಾರೆ. ಸ್ಥಳದಲ್ಲಿ ನಡೆದ ಮಾತನ್ನು ಹಾಜರಿದ್ದ ಜೀಪಿನ ಚಾಲಕರು ಕೆಳಕಂಡಂತೆ ಹೇಳಿಕೆ ಕೊಟ್ಟಿರುತ್ತಾರೆ:

"ಟೀಚರು ಕೇಳಿದ್ರು, 'ಏನಪ್ಪಾ ಎಲ್ಪಿದಿಯೊ, ನಿನ್ನ ಯಾರು ಆರಿಸಿದ್ದು?' ಅಂತ. ಇವರು 'ಪರೀಕ್ಷೆ ಬರೆದು ಬಂದಿದೀನಿ ಟೀಚರೇ' ಅಂದ್ರು. 'ನಾನೇ ನಿಂಗೆ ಲೆಕ್ಕ ಹೇಳಿಕೊಟ್ಟಿದ್ದು, ನೀನು ಪರೀಕ್ಷೇಲಿ ಹೆಂಗೆ ಪಾಸಾದೆ ಅಂತ ನಂಗೊತ್ತಿಲ್ವಾ' ಅಂದ್ರು ಟೀಚರು."

ತದನಂತರ ಊಟ ಮಾಡುತ್ತಿದ್ದ ಇಪ್ಪತ್ತೆರಡು ಮಂದಿ ಹೆಸರುಕಾಳಿನಿಂದ ಮತ ಹಾಕಿ ಶ್ರೀ ಸುಮಗಾಯ್‌ಸಾಯ್ ಅವರನ್ನು ಅವಿರೋಧವಾಗಿ ಷೆರಿಫರನ್ನಾಗಿ ಆರಿಸಿ, ಆರಿಸಿದವರ ಮೊದಲ ಅಪ್ಪಣೆಯೆಂದು ಅವರನ್ನು ಮನೆಗೆ ಹೋಗಲು ತಿಳಿಸಿರುತ್ತಾರೆ. ಸದರಿ ಚುನಾವಣೆ ಅಸಿಂಧು ಎಂದು ಈ ಮೂಲಕ ಘೋಷಿಸಲಾಗಿದೆ. ಮತಗಳನ್ನು ಅದೇ ವಾರದ ಶುಕ್ರವಾರ ಸಾರು ಮಾಡಲಾಗಿದ್ದು, ಮರುಎಣಿಕೆಗೆ ಅವಕಾಶವಿರುವುದಿಲ್ಲ.

5. ಸ್ಕಾಟ್ಲೆಂಡಿನ ಷೆರಿಫ್. ಆ ದೇಶದಲ್ಲಿ ಷೆರಿಫ್ ಎಂದರೆ ಸಾಕ್ಷಾತ್ ನ್ಯಾಯಾಧೀಶರು ಎಂದು ಸಂಪುಟದಲ್ಲಿ ನಮೂದಾಗಿರುತ್ತದೆ. ದಿನಾಂಕ 05-03-2013ರಂದು ಎರಡನೇ ಬಾರಿ ತೆರಳಿದ ಸದರಿ ಷೆರಿಫರನ್ನು ಇದರ ಆಧಾರದ ಮೇಲೆ ಅಕ್ಕಿ ಚೀಲದ ಮೇಲೆ ಕೂರಿಸಿ, ಮೂರು ವ್ಯಾಜ್ಯಗಳನ್ನು ಮುಂದಿಟ್ಟಿರುತ್ತಾರೆ: ಒಂದು ಹುಂಜ, ಒಂದು ಬಟ್ಟೆ ಒಣಹಾಕುವ ಹಗ್ಗ, ಮತ್ತು ಒಂದು ಹಾಡುವ ಯಂತ್ರವನ್ನು ಎಷ್ಟು ಜೋರಾಗಿ ಹಚ್ಚಬೇಕೆಂಬುದು. ಬೇಡ ಬೇಡವೆಂದರೂ ಬಿಡದ ಕಾರಣ ಸದರಿ ಷೆರಿಫರು ಮೂರೂ ವ್ಯಾಜ್ಯಗಳನ್ನು ಒಂದೂಕಾಲು ಗಂಟೆಯಲ್ಲಿ ತೀರ್ಮಾನಿಸಿರುತ್ತಾರೆ. ಉಭಯತ್ರರೂ ಒಪ್ಪಿ, ಜೊತೆಗೆ ಕೂತು ಉಂಡು ಹೋಗಿರುತ್ತಾರೆ. ಹುಂಜದ ವ್ಯಾಜ್ಯ ಈ ನ್ಯಾಯಾಲಯದಲ್ಲಿ ಒಂಬತ್ತು ವರ್ಷದಿಂದ ಬಾಕಿಯಿದ್ದು, ಮೂಲ ಹುಂಜ ವಿಚಾರಣೆಯ ಎರಡನೇ ವರ್ಷದಲ್ಲೇ ತೀರಿಹೋಗಿರುತ್ತದೆ.

ಅಧಿಕಾರವಿಲ್ಲದೆ ನೀಡಿದ ಈ ಮೂರು ತೀರ್ಪುಗಳನ್ನು ರದ್ದುಪಡಿಸಲಾಗಿದೆ. ಉಭಯತ್ರರು ಈಗ ಅನ್ಯೋನ್ಯವಾಗಿರುವುದರಿಂದ, ಅವರು ಮೊದಲಿನಂತೆ ಜಗಳವಾಡುವ ಸ್ಥಿತಿಗೆ ಹದಿನೈದು ದಿನಗಳೊಳಗೆ ಬರುವಂತೆ ಕ್ರಮ ಕೈಗೊಂಡು ವರದಿ ಸಲ್ಲಿಸಲು ವಾರ್ಡಿನ ಮುಖ್ಯಸ್ಥರಿಗೆ ಸೂಚಿಸಲಾಗಿದೆ.

6. ಇಂಗ್ಲೆಂಡಿನ ಷೆರಿಫ್. ಈ ಪದವೇ ಅಲ್ಲಿ ಹುಟ್ಟಿದ್ದು, ಸೀಮೆಯ ಮೇಲ್ವಿಚಾರಕ ಎಂಬರ್ಥದ ಹಳೆಯ ಎರಡು ಮಾತುಗಳು ಸವೆದು ಒಂದಾಗಿ ಷೆರಿಫ್ ಎಂದಾಗಿರುತ್ತದೆ. ಒಂದು ಕಾಲಕ್ಕೆ ರಾಜನ ಪರವಾಗಿ ಕಂದಾಯ ಎತ್ತುತ್ತಿದ್ದ ಈ ಹುದ್ದೆಯವರು ಈಗ ಮಖಮಲ್ಲಿನ ಕೋಟು ತೊಟ್ಟು, ಕತ್ತಿ ಕಟ್ಟಿ, ಸಮಾರಂಭಗಳಲ್ಲಿ ನಿಲ್ಲುತ್ತಾರೆ. ದಿನಾಂಕ 16-04-2013ರಂದು ಮಖಮಲ್ಲಿಲ್ಲದೆ ಬಂದ ಸದರಿ ಷೆರಿಫರನ್ನು ಷೆರಿಫರೆಂದು ಒಪ್ಪಲಾಗದೆಂದು ಟೀಚರು ತಿಳಿಸಿ, ಮೇ ತಿಂಗಳ ಮೆರವಣಿಗೆಯ ರಾಜನ ವೇಷಕ್ಕೆ ಹೊಲಿಸಿಟ್ಟ ಕೋಟನ್ನು ಅವರಿಗೆ ತೊಡಿಸಲು ಯತ್ನಿಸಿರುತ್ತಾರೆ. ಒಂದು ತೋಳು ಮಾತ್ರ ಹಿಡಿಸಿತು. ಹಿಡಿಸಿದ ತೋಳು ಸಂಜೆಯವರೆಗೆ ಬಿಡಲಿಲ್ಲ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಮಖಮಲ್ಲು ತೊಟ್ಟು ತಲೆ ತಿರುಗಿದ ಷೆರಿಫರಿಗೆ ಮನಾಂಗ್ ಇಸಿಂಗ್ ಎಳನೀರು ಕುಡಿಸಿ, ಬೀಸಣಿಗೆ ಬೀಸಿ, "ಯಾವೋನೋ ಬಿಳಿಯ ಚಳಿಗೆ ಹಾಕ್ಕೊಂಡಿದ್ದನ್ನ ನೀನ್ಯಾಕೆ ಹಾಕ್ಕೊಂಡೆ ತಮ್ಮಾ, ಅಷ್ಟೂ ಬುದ್ಧಿ ಬೇಡ್ವಾ" ಎಂದು ಬೈದಿರುತ್ತಾರೆ. ಇನ್ನು ಮುಂದೆ ಯಾವುದೇ ಷೆರಿಫರು ಕರ್ತವ್ಯದ ಮೇಲಿರುವಾಗ ಒಂದೇ ತೋಳಿನ ಮಖಮಲ್ಲು ಧರಿಸತಕ್ಕದ್ದಲ್ಲ.

7. ಐಸ್‌ಲೆಂಡಿನ ಷೆರಿಫ್. ಹಿಮದ ಆ ದ್ವೀಪದಲ್ಲಿ ಷೆರಿಫರ ಮುಂದೆ ಮದುವೆ ಮಾಡಿಕೊಳ್ಳಬಹುದೆಂದು ಸಂಪುಟ ಹೇಳುತ್ತದೆ. ದಿನಾಂಕ 07-05-2013ರಂದು ಅಂಗಡಿಯಲ್ಲಿ ಪಾತ್ರೆ ತೊಳೆಯುವ ಕುಮಾರಿ ರೊಸಾಲಿನಾ ಮತ್ತು ಕಂಡಿಕೆ 4ರಲ್ಲಿ ಹೇಳಿಕೆ ನೀಡಿದ ಜೀಪಿನ ಚಾಲಕರು ಇದರ ಲಾಭ ಪಡೆದಿರುತ್ತಾರೆ. ತಾನು ಕೇವಲ "ಒಳ್ಳೇದಾಗ್ಲಿ" ಎಂದು ಹೇಳಿದ್ದೆನೇ ಹೊರತು ಮದುವೆ ಮಾಡಿಸಿಲ್ಲವೆಂದು ಸದರಿ ಷೆರಿಫರು ವಿವರಣೆ ನೀಡಿದ್ದಾರೆ. ವಿವರಣೆಯನ್ನು ಒಪ್ಪಲಾಗಿದೆ. ಸದರಿ ಮದುವೆ ಊರ್ಜಿತವಲ್ಲ. ಇಡೀ ಹಂದಿ ಸುಟ್ಟು ಊರಿಗೆಲ್ಲ ಬಡಿಸಿ ಆಗಿದ್ದು, ಅದನ್ನು ವಾಪಸ್ಸು ಪಡೆಯುವ ವಿಧಾನ ತಿಳಿಯದ ಕಾರಣ ಆ ಭಾಗವನ್ನು ಮಾತ್ರ ಸಕ್ರಮಗೊಳಿಸಲಾಗಿದೆ.

8. ಭಾರತದ ಷೆರಿಫ್. ಆ ದೇಶದ ಮುಂಬಯಿ, ಕೋಲ್ಕತ್ತಾ ನಗರಗಳಲ್ಲಿ ಊರಿನ ಒಬ್ಬ ಗಣ್ಯರಿಗೆ ಷೆರಿಫ್ ಎಂಬ ಗೌರವದ ಹುದ್ದೆ ಕೊಡುವ ಪದ್ಧತಿ ಇದ್ದು, ಅವರಿಗೆ ಯಾರನ್ನೂ ಹಿಡಿಯುವ, ಎಬ್ಬಿಸುವ ಅಧಿಕಾರ ಇರುವುದಿಲ್ಲ. ಅತಿಥಿಗಳನ್ನು ಸ್ವಾಗತಿಸುವುದು, ದೊಡ್ಡವರು ತೀರಿಕೊಂಡರೆ ಸಂತಾಪ ಸಭೆ ಕರೆಯುವುದು ಅವರ ಕೆಲಸವೆಂದು ಟೀಚರು ದಿನಾಂಕ 28-05-2013ರಂದು ಓದಿರುತ್ತಾರೆ. ಅದರಂತೆ ಸದರಿ ಷೆರಿಫರ ಅಧ್ಯಕ್ಷತೆಯಲ್ಲಿ, ಇನ್ನೂ ಒಲೆ ಉರಿಯುತ್ತಿದ್ದ ಅಂಗಡಿಯೊಳಗೇ, ಅಂಗಡಿಯ ಸಲುವಾಗಿ ಸಂತಾಪ ಸಭೆ ನಡೆದಿರುತ್ತದೆ. ನಗು ನಗುತ್ತಲೇ ಶುರುವಾದ ಸಭೆಯಲ್ಲಿ ಅಧ್ಯಕ್ಷರು ಎರಡು ಮಾತಾಡಬೇಕೆಂದು ಒತ್ತಾಯಿಸಿದಾಗ ಸದರಿ ಷೆರಿಫರು ಆಡಿದ ಮಾತುಗಳನ್ನು ಕಡತದ ಪೂರ್ಣತೆಗಾಗಿ ಯಥಾವತ್ತಾಗಿ ನಮೂದಿಸಿದೆ:

"ನಂಗೆ ಭಾಷಣ ಬರಲ್ಲ. ಮೂವತ್ತೊಂದು ವರ್ಷದಿಂದ ಇಲ್ಲಿ ಉಂಡಿದೀನಿ. ನನ್ನ ಹೆಂಡ್ತಿ ಹೋದ ದಿನ ಮಣ್ಣು ಮಾಡಿ ಸೀದಾ ಇಲ್ಲಿಗೇ ಬಂದೆ. ಯಾಕೆ ಬಂದೆನೋ ಗೊತ್ತಿಲ್ಲ. ಅಕ್ಕ ಏನೂ ಕೇಳಲಿಲ್ಲ. ಅನ್ನ ಹಾಕಿದ್ರು, ಉಣ್ಣು ಅಂದ್ರು, ಪಕ್ಕದಲ್ಲಿ ಕೂತ್ಕೊಂಡ್ರು. ಅಷ್ಟೇ."

ಈ ಮಾತಿನೊಂದಿಗೆ ಸಭೆ ಮುಗಿದಿರುತ್ತದೆ. ವಂದನಾರ್ಪಣೆ ನಡೆದಿರುವುದಿಲ್ಲ. ವಂದನಾರ್ಪಣೆಯಿಲ್ಲದೆ ಸಭೆ ಮುಗಿಸುವುದು ನಿಯಮಬಾಹಿರವೆಂದು ಸಂಬಂಧಪಟ್ಟವರಿಗೆ ಎಚ್ಚರಿಸಲಾಗಿದೆ.

9. ಊಟದ ವೇಳೆಯಲ್ಲಿ ತೆರವು ಮಾಡುವ ಬಗ್ಗೆ. ತಟ್ಟೆಯ ಮುಂದೆ ಕೂತವರನ್ನು ಎಬ್ಬಿಸಬಾರದು ಎಂಬ ಕಾನೂನು ಈ ದೇಶದಲ್ಲಿ ಎಲ್ಲೂ ಇಲ್ಲ. ಹಾಗಿದ್ದೂ ಐದೂ ವರದಿಗಳ ಷರಾ ಅಂಕಣದಲ್ಲಿ ಸದರಿ ಷೆರಿಫರು "ಊಟ ನಡೆಯುತ್ತಿತ್ತು, ನನ್ನನ್ನೂ ಕರೆದರು" ಎಂದು ಬರೆದಿರುತ್ತಾರೆ. ಬಾ ಉಣ್ಣು ಎಂದು ಕರೆದಾಗ ಒಲ್ಲೆ ಎನ್ನುವುದು ನಮ್ಮಲ್ಲಿ ರೂಢಿಯಿಲ್ಲವೆಂಬುದು ಇಲಾಖೆಗೂ ತಿಳಿದಿದೆ. ಈ ಬಗ್ಗೆ ವಿಚಾರಣೆ ನಡೆಸಲು ನೇಮಕಗೊಂಡ ಅಧಿಕಾರಿಯೂ ಸ್ಥಳ ಪರಿಶೀಲನೆಗೆಂದು ಹೋಗಿ, ಮೂರು ದಿನ ಸತತವಾಗಿ ಪರಿಶೀಲಿಸಿ, ನಾಲ್ಕನೇ ದಿನ ಹೆಚ್ಚಿನ ಕಾಲಾವಕಾಶ ಕೋರಿರುತ್ತಾರೆ. ಈ ಸುತ್ತೋಲೆಗೆ ಸಹಿ ಮಾಡಿರುವವರು ಅದೇ ಅಧಿಕಾರಿ ಎಂಬ ಅಂಶ ಅಪ್ರಸ್ತುತ.

10. ಕಾರಣ ಕೇಳುವ ನೋಟಿಸು. ಮೇಲಿನ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಳ್ಳಲು ಸಾಧ್ಯವಿಲ್ಲದ್ದರಿಂದ, ದಿನಾಂಕ 11-06-2013ರ ಸಂಜೆಯೊಳಗೆ ಆದೇಶ ಜಾರಿಯಾಗದಿದ್ದಲ್ಲಿ ಸದರಿ ಷೆರಿಫರನ್ನು ಸೇವೆಯಿಂದ ವಜಾ ಮಾಡಲಾಗುವುದೆಂದು ಈ ಕಚೇರಿಯಿಂದ ನೋಟಿಸು ಹೊರಟಿತು. ಮೂವತ್ತೊಂದು ವರ್ಷದ ಸೇವೆಯಲ್ಲಿ ಒಂದು ದಿನವೂ ತಡವಾಗಿ ಬಾರದವರು ಆ 11ರ ಬೆಳಿಗ್ಗೆ ತಡವಾಗಿ ಬಂದಿದ್ದು, ನೋಟಿಸನ್ನು ಎರಡು ಸಲ ಓದಿ ಮಡಚಿ ಲಕೋಟೆಗೆ ಹಾಕಿ ಜೇಬಿನಲ್ಲಿಟ್ಟುಕೊಂಡಿದ್ದು, ಹೊರಡುವಾಗ ಛತ್ರಿಯನ್ನು ಇಲ್ಲೇ ಮರೆತಿದ್ದು ಕಚೇರಿಯ ಎಲ್ಲರೂ ಕಂಡಿರುತ್ತಾರೆ. ಮಳೆ ಬರುತ್ತಿತ್ತು. ಯಾರೂ ಛತ್ರಿಯ ಮಾತು ಎತ್ತಲಿಲ್ಲ.

11. ಲಕೋಟೆಗಳ ಬಗ್ಗೆ. ಈ ಇಲಾಖೆಯಲ್ಲಿ ತೆರವು ಆದೇಶಕ್ಕೂ ವಜಾ ನೋಟಿಸಿಗೂ ಒಂದೇ ಕಂದು ಬಣ್ಣದ ಲಕೋಟೆ ಬಳಸುತ್ತಿರುವುದು ಮಿತವ್ಯಯದ ದೃಷ್ಟಿಯಿಂದ. ದಿನಾಂಕ 11-06-2013ರಂದು ಆರನೇ ಬಾರಿ ತೆರಳಿದ ಸದರಿ ಷೆರಿಫರು ಜೇಬಿನಿಂದ ಲಕೋಟೆ ತೆಗೆದು, ಮುಖ ನೋಡದೆ, ಮನಾಂಗ್ ಇಸಿಂಗ್ ಕೈಗೆ ಕೊಟ್ಟಿರುತ್ತಾರೆ. ಆಕೆಯ ಕನ್ನಡಕ ಅಕ್ಕಿ ಡಬ್ಬಿಯಲ್ಲಿ ಬಿದ್ದಿದ್ದರಿಂದ ಟೀಚರು ಗಟ್ಟಿಯಾಗಿ ಓದಲು ಶುರುಮಾಡಿ, ಮೂರನೇ ಸಾಲಿಗೆ ನಿಲ್ಲಿಸಿರುತ್ತಾರೆ. ಮುಂದಿನ ಮಾತುಗಳನ್ನು ಕೇಳಿದವರು ಎಂಟು ಮಂದಿಯಿದ್ದು, ಎಂಟೂ ಹೇಳಿಕೆಗಳು ಒಂದೇ ರೀತಿ ಇವೆ. ಈ ನ್ಯಾಯಾಲಯದ ಚರಿತ್ರೆಯಲ್ಲಿ ಇದು ಮೊದಲನೆಯದು:

"ಅಕ್ಕ ಅಂದ್ರು, 'ಯಾಕ್ ಟೀಚರೇ ನಿಲ್ಲಿಸಿದ್ರಿ, ಓದಿ.' ಟೀಚರು, 'ಇದರಲ್ಲಿ ನಿನ್ನ ಹೆಸರಿಲ್ಲ ಇಸಿಂಗ್, ಅವನ ಹೆಸರಿದೆ' ಅಂದ್ರು. ಷೆರಿಫ್ ಜೇಬು ತಡಕಾಡ್ತಾ, 'ತಪ್ಪಾಯ್ತು ಅಕ್ಕಾ, ಅದಲ್ಲ, ಕೊಡಿ ಇಲ್ಲಿ' ಅಂದ್ರು. ಅಕ್ಕ ಕೊಡಲಿಲ್ಲ. 'ನನ್ನಿಂದ ನಿನ್ನ ಕೆಲಸ ಹೋಗ್ತಿತ್ತಾ? ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ?' ಅಂದ್ರು. ಇವರು, 'ಹೇಳಿದ್ರೆ ನೀವು ಹೊರಟುಬಿಡ್ತಿದ್ರಿ' ಅಂದ್ರು. ಅದಕ್ಕೆ ಅಕ್ಕ, 'ಕೂತ್ಕೋ. ಮೊದಲು ಉಣ್ಣು' ಅಂದ್ರು."

ಇನ್ನು ಮುಂದೆ ತೆರವು ಆದೇಶಗಳನ್ನು ಹಸಿರು ಲಕೋಟೆಯಲ್ಲೂ, ವಜಾ ನೋಟಿಸುಗಳನ್ನು ಕಂದು ಲಕೋಟೆಯಲ್ಲೂ ಕಳುಹಿಸತಕ್ಕದ್ದು. ಹಸಿರು ಲಕೋಟೆ ದಾಸ್ತಾನಿನಲ್ಲಿ ಇರುವುದಿಲ್ಲ.

12. ಅಂದಿನ ಊಟದ ಮಹಜರು. ತೊಗರಿಕಾಳು, ಹಂದಿಮಾಂಸ, ಎಳೆ ಹಲಸಿನಕಾಯಿ ಹಾಕಿದ ಸಾರು, ಅನ್ನ, ಒಣಮೀನು ಒಂದು. ಬಡಿಸಿದ್ದು ಸದರಿ ಷೆರಿಫರಿಗೆ ಮತ್ತು ಆ ಹೊತ್ತಿಗೆ ಅಲ್ಲಿದ್ದ ಎಂಟು ಮಂದಿಗೆ. ಎಂಟರಲ್ಲಿ ಆರು ಮಂದಿ ಈ ಇಲಾಖೆಯವರೇ ಆಗಿರುತ್ತಾರೆ. ಎಲ್ಲರಿಗೂ ಬಡಿಸಿದ ಮೇಲೆ ಮನಾಂಗ್ ಇಸಿಂಗ್ ಒಲೆಯಿಂದ ಕಟ್ಟಿಗೆ ಹೊರಗೆಳೆದು ನೀರು ಹಾಕಿ, ದೊಡ್ಡ ಪಾತ್ರೆಯನ್ನು ಕವುಚಿ, ಸೌಟನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಿರುತ್ತಾರೆ. ಮೂವತ್ತಮೂರು ವರ್ಷದ ಅಂಗಡಿಯಿಂದ ಅವರು ತೆಗೆದುಕೊಂಡಿದ್ದು ಅದೊಂದೇ ಸೌಟು. ಗಿಮರಾಸ್ ದ್ವೀಪದಲ್ಲಿ ತಂಗಿಯ ಮನೆಯಿದೆ, ಎರಡು ಗಂಟೆಯ ದೋಣಿಗೆ ಹೋಗುತ್ತೇನೆ ಎಂದಷ್ಟೇ ಹೇಳಿ, ಎದ್ದು ನಿಲ್ಲಲು ಹೊರಟ ಷೆರಿಫರ ಭುಜ ಒತ್ತಿ ಕೂರಿಸಿ, "ಊಟದ ಮಧ್ಯೆ ಏಳಬಾರದು ತಮ್ಮಾ" ಎಂದು ಹೇಳಿ ಹೊರಟಿರುತ್ತಾರೆ. ಅಂಗಡಿಗೆ ಬಾಗಿಲಿರಲಿಲ್ಲ. ಅವರು ರಸ್ತೆ ದಾಟಿ ಮಳೆಯಲ್ಲಿ ಮರೆಯಾಗುವವರೆಗೂ ಕಾಣಿಸುತ್ತಿದ್ದರು.

ಆಗ ಸದರಿ ಷೆರಿಫರು, ಕರ್ತವ್ಯದ ಮೇಲಿರುವಾಗಲೇ, ಯಾವುದೇ ಮೇಲಧಿಕಾರಿಯ ಪೂರ್ವಾನುಮತಿ ಪಡೆಯದೆ, ತಮ್ಮ ಮುಂದಿನ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿರುತ್ತಾರೆ. ತದನಂತರ ಉಳಿದ ಎಂಟು ಮಂದಿಯೂ ತಿರುಗಿಸಿರುತ್ತಾರೆ. ವಿಚಾರಣಾಧಿಕಾರಿಯ ತಟ್ಟೆಯೂ ತಿರುಗಿದ್ದು, ಅದು ತಾನಾಗಿ ತಿರುಗಿತೆಂಬ ಅವರ ವಿವರಣೆಯನ್ನು ಅವರೇ ಪರಿಶೀಲಿಸಿ ತಿರಸ್ಕರಿಸಿರುತ್ತಾರೆ.

13. ಪರಿಷ್ಕೃತ ವ್ಯಾಖ್ಯೆ. ಸದರಿ ಷೆರಿಫರು ಅಂದು ಸಂಜೆ ಸಲ್ಲಿಸಿದ ಆರನೇ ವರದಿಯಲ್ಲಿ "ಆದೇಶ ಜಾರಿಯಾಗಿದೆ. ಜಾಗ ಖಾಲಿ ಇದೆ." ಎಂದೂ, ಷರಾ ಅಂಕಣದಲ್ಲಿ "ತಟ್ಟೆ ತಿರುಗಿಸಲಾಗಿದೆ" ಎಂದೂ ಬರೆದಿರುತ್ತಾರೆ. ಇಷ್ಟು ವರ್ಷ ಇವರ ವರದಿಗಳನ್ನು ಓದಿದ ಈ ಕಚೇರಿಗೆ ಇಷ್ಟು ಚಿಕ್ಕ ವರದಿ ಓದಲು ಇಷ್ಟು ಹೊತ್ತು ಹಿಡಿದಿದ್ದು ಇದೇ ಮೊದಲು. ಜಾರಿ ವರದಿಯ ನಮೂನೆಯಲ್ಲಿ ತಟ್ಟೆಗೆ ಅಂಕಣ ಇಲ್ಲದ್ದರಿಂದ ಅಂಕಣ 9(ಅ) ಎಂದು ಹೊಸದಾಗಿ ಸೇರಿಸಲಾಗಿದೆ. ಅಲ್ಲದೆ ಕಂಡಿಕೆ 1(ಅ)ದ ತಾತ್ಕಾಲಿಕ ವ್ಯಾಖ್ಯೆಯನ್ನು ಕೈಬಿಟ್ಟು, ವಿಶ್ವಕೋಶದಲ್ಲಿ ಬಿಟ್ಟುಹೋಗಿರುವ ನಮ್ಮ ದೇಶದ ಷೆರಿಫರ ಅರ್ಥವನ್ನು ಈ ಕೆಳಕಂಡಂತೆ ಓದಿಕೊಳ್ಳತಕ್ಕದ್ದು:

"ಷೆರಿಫ್ ಎಂದರೆ, ತಾನು ಎಬ್ಬಿಸಿ ಕಳುಹಿಸಬೇಕಾದವರ ಕೈಯಲ್ಲೇ ಉಂಡು, ಅವರು ಎದ್ದು ಹೋಗುವಾಗ ತಟ್ಟೆ ತಿರುಗಿಸುವ ನೌಕರ."

ಟೀಚರು ಇದನ್ನು ತಮ್ಮ ಸಂಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡಿರುವುದಾಗಿ ತಿಳಿದುಬಂದಿದೆ.

14. ತಟ್ಟೆಯ ಕಾಪಾಡುವಿಕೆ. ಸದರಿ ಷೆರಿಫರು ತಿರುಗಿಸಿದ ತಟ್ಟೆಯನ್ನು (ಬಿಳಿ ತಗಡು, ನೀಲಿ ಅಂಚು, ಒಂದು ಕಡೆ ಚಕ್ಕೆ ಎದ್ದಿದೆ) ಸಾಕ್ಷ್ಯವಸ್ತುಗಳನ್ನಿಡುವ ಮುದ್ದೆಮಾಲು ಕೊಠಡಿಯಲ್ಲಿ ಇರಿಸಲಾಗಿದೆ. ತಟ್ಟೆ ದುಂಡಗಿರುವುದರಿಂದ ಅದು ತಿರುಗಿದ ಸ್ಥಿತಿಯಲ್ಲಿದೆಯೇ ಇಲ್ಲವೇ ಎಂದು ತಿಳಿಯಲು ಚಕ್ಕೆ ಎದ್ದ ಜಾಗವನ್ನೇ ಗುರುತಾಗಿ ಇಟ್ಟುಕೊಳ್ಳಲಾಗಿದ್ದು, ಅದು ಈಗ ಕಡಲಿನ ಕಡೆಗಿದೆ. ಕಸ ಗುಡಿಸುವವರು, ಇಲಿ ಹಿಡಿಯುವವರು ಮತ್ತು ಮಾನ್ಯ ನ್ಯಾಯಾಧೀಶರು ಸದರಿ ತಟ್ಟೆಯನ್ನು ಅಲುಗಿಸತಕ್ಕದ್ದಲ್ಲ. ಅಂದು ಕಡಲು ಒರಟಾಗಿತ್ತೆಂದೂ, ಎರಡು ಗಂಟೆಯ ದೋಣಿ ನಾಲ್ಕಕ್ಕೆ ಹೊರಟಿತೆಂದೂ ಬಂದರಿನಿಂದ ಮಾಹಿತಿ ಬಂದಿದೆ. ಗಿಮರಾಸ್‌ನ ತಂಗಿಯ ಮನೆಗೆ ಫೋನಿಲ್ಲ. ಸದರಿ ಷೆರಿಫರು ಅಂದಿನಿಂದ ಪ್ರತಿದಿನ ಬೆಳಿಗ್ಗೆ ಕಚೇರಿಗೆ ಬಂದ ಕೂಡಲೇ ಮುದ್ದೆಮಾಲು ಕೊಠಡಿಗೆ ಹೋಗಿ ತಟ್ಟೆ ಇದ್ದಂತೆಯೇ ಇದೆಯೇ ಎಂದು ನೋಡಿ ಬರುತ್ತಿದ್ದು, ಇದನ್ನು ಕರ್ತವ್ಯದ ಭಾಗವೆಂದು ಪರಿಗಣಿಸಲು ಇಲಾಖೆ ಒಪ್ಪಿದೆ.

15. ವಜಾ ನೋಟಿಸನ್ನು ಹಿಂಪಡೆಯಲಾಗಿದೆ. ಆದರೆ ಸದರಿ ನೋಟಿಸಿನ ಮೂಲ ಪ್ರತಿ ಈ ಕಚೇರಿಯಲ್ಲೂ ಇಲ್ಲ, ಷೆರಿಫರ ಬಳಿಯೂ ಇಲ್ಲ. ಮನಾಂಗ್ ಇಸಿಂಗ್ ಅದನ್ನು ಸೌಟಿನ ಜೊತೆ ಚೀಲಕ್ಕೆ ಹಾಕಿಕೊಂಡು ಹೋಗಿರುವುದನ್ನು ಟೀಚರು ಕಂಡಿದ್ದಾರೆ.

16. ಈ ಇಲಾಖೆಯ ನೌಕರರು ಇನ್ನು ಮುಂದೆ ಮಧ್ಯಾಹ್ನದ ಊಟ ಎಲ್ಲಿ ಮಾಡಬೇಕೆಂಬ ಬಗ್ಗೆ ಪ್ರತ್ಯೇಕ ಸುತ್ತೋಲೆ ಹೊರಡಿಸಲು ಉದ್ದೇಶಿಸಲಾಗಿತ್ತು. ಬರೆಯಲು ಏನೂ ತೋಚದ ಕಾರಣ ಕೈಬಿಡಲಾಗಿದೆ.

(ಸಹಿ)
ಕ್ರಿಸಾಂತೊ ತಾಬೊರ್ನಾಲ್
ಆಡಳಿತ ಶಾಖಾಧಿಕಾರಿ (ಪ್ರಭಾರ) ಹಾಗೂ ವಿಚಾರಣಾಧಿಕಾರಿ

ಪ್ರತಿಗಳು:

1. ಈ ವ್ಯಾಪ್ತಿಯ ಎಲ್ಲ ಷೆರಿಫರಿಗೆ, ಕಟ್ಟುನಿಟ್ಟಿನ ಪಾಲನೆಗಾಗಿ. ಊಟದ ನಂತರ ಓದುವುದು.
2. ಮಾನ್ಯ ನ್ಯಾಯಾಧೀಶರಿಗೆ, ಮಾಹಿತಿಗಾಗಿ. ಇನ್ನು ಬಾಗಿಲು ಮುಚ್ಚಿಕೊಂಡು ಉಣ್ಣುವ ಅಗತ್ಯವಿರುವುದಿಲ್ಲ.
3. ಜಾಗದ ವಾರಸುದಾರರಿಗೆ. ಬಾಗಿಲಿಲ್ಲದ್ದರಿಂದ ಬೀಗದ ಕೈ ಲಗತ್ತಿಸಿಲ್ಲ.
4. ವಾರ್ಡಿನ ಮುಖ್ಯಸ್ಥರಿಗೆ, ಕಂಡಿಕೆ 5ರಂತೆ ಜಗಳ ಮರುಸ್ಥಾಪಿಸುವ ಸಲುವಾಗಿ. ಹುಂಜ ಲಗತ್ತಿಸಿಲ್ಲ.
5. ಜೀಪಿನ ಚಾಲಕರು ಮತ್ತು ಕುಮಾರಿ ರೊಸಾಲಿನಾ ಅವರಿಗೆ. ಮದುವೆ ಊರ್ಜಿತವಲ್ಲ. ಶುಭಾಶಯಗಳು.
6. ಶ್ರೀಮತಿ ಹೊನೊರಾತಾ ಗುಂಬಾನ್ ಅವರಿಗೆ, ಓದಲು ಕಿಟಕಿ ಪಕ್ಕದ ಮೇಜು ಈ ಕಚೇರಿಯಲ್ಲೂ ಒಂದಿದೆ ಎಂಬ ಮಾಹಿತಿಯೊಂದಿಗೆ.
7. ಶ್ರೀ ಎಲ್ಪಿದಿಯೊ ಸುಮಗಾಯ್‌ಸಾಯ್ ಅವರಿಗೆ, ಖುದ್ದಾಗಿ. ಛತ್ರಿ ಲಗತ್ತಿಸಿದೆ.
8. ಶ್ರೀಮತಿ ಬಸಿಲಿಸಾ ಪಲ್ಮಾರೆಸ್ ಅವರಿಗೆ, ಗಿಮರಾಸ್, ಎರಡು ಗಂಟೆಯ ದೋಣಿಯವರ ಮೂಲಕ. ಸುತ್ತೋಲೆ ಓದುವ ಅಗತ್ಯವಿಲ್ಲ. ಮುಟ್ಟಿದ ಬಗ್ಗೆ ಮಾತ್ರ ಒಂದು ಸಾಲು ತಿಳಿಸಲು ಕೋರಿದೆ. ತಿಳಿಸುವವರೆಗೆ ಈ ಕಚೇರಿಯಲ್ಲಿ ಯಾರೂ ತಟ್ಟೆಯನ್ನು ಮೊದಲಿನಂತೆ ತಿರುಗಿಸಿ ಇಡುವುದಿಲ್ಲ.